ಬಹುರಾಷ್ಟ್ರ ಸೈಕಲ್ ಪ್ರವಾಸ

ಬಹುರಾಷ್ಟ್ರ ಸೈಕಲ್ ಪ್ರವಾಸ ಎಂದರೆ ಸೈಕಲ್ಲನ್ನೇ ಮುಖ್ಯ ವಾಹನವಾಗಿಟ್ಟುಕೊಂಡು, ಬಟ್ಟೆಬರೆ, ಡೇರೆ ಮತ್ತು ದುರಸ್ತಿಯ ಸಾಮಾನುಗಳನ್ನು ಅದರ ಮೇಲೆಯೇ ಹೇರಿಕೊಂಡು, ಒಂದಕ್ಕಿಂತ ಹೆಚ್ಚು ದೇಶಗಳ ಗಡಿಗಳನ್ನು ದಾಟಿ ಕೈಗೊಳ್ಳುವ ದೀರ್ಘ ಪ್ರವಾಸ. ಇದು ಸ್ಪರ್ಧೆಯಲ್ಲ, ವೇಗಕ್ಕೆ ಇಲ್ಲಿ ಬೆಲೆಯಿಲ್ಲ. ಒಂದೇ ದೇಶದೊಳಗಿನ ಸೈಕಲ್ ಪ್ರವಾಸಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ದೂರದ್ದಲ್ಲ, ದಿನಗಳದ್ದು. ಸ್ವದೇಶದಲ್ಲಿ ಕಾಯಿಲೆ ಬಿದ್ದವನು ಅಥವಾ ಮಳೆಗೆ ಸಿಕ್ಕಿಕೊಂಡವನು ನಾಲ್ಕು ದಿನ ಹೆಚ್ಚು ತಂಗಿದರೆ ಕೇಳುವವರಿಲ್ಲ. ಪರದೇಶದಲ್ಲಿ ವೀಸಾದ ಮೇಲೆ ಬರೆದ ದಿನಗಳು ಮುಗಿದರೆ ಅದೇ ನಾಲ್ಕು ದಿನಗಳು ದಂಡಕ್ಕೆ ಅಥವಾ ಮುಂದಿನ ಪ್ರವೇಶ ನಿಷೇಧಕ್ಕೆ ಕಾರಣವಾಗಬಹುದು. ಆದ್ದರಿಂದ ಮೊದಲ ಬಾರಿಗೆ ಹೊರಡುವವರ ಯೋಜನೆಯಲ್ಲಿ ಸೈಕಲ್ಲಿನ ಆಯ್ಕೆಗಿಂತಲೂ ಕ್ಯಾಲೆಂಡರಿನ ಲೆಕ್ಕಕ್ಕೆ ಮೊದಲ ಸ್ಥಾನವಿದೆ.

ಈ ಲೇಖನದಲ್ಲಿ ಮೊದಲ ಪ್ರವಾಸದ ಯೋಜನೆಯನ್ನು ಭಾರತೀಯ ಪಾಸ್‌ಪೋರ್ಟ್ ಹೊಂದಿದವರ ದೃಷ್ಟಿಯಿಂದ ವಿವರಿಸಲಾಗಿದ್ದು, ಯೂರೋಪಿನ ಡ್ಯಾನ್ಯೂಬ್ ನದಿಯ ದಂಡೆಯ ಸೈಕಲ್ ಮಾರ್ಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಇತಿಹಾಸ

ಗಾಳಿ ತುಂಬಿದ ಟಯರುಗಳು ಬಳಕೆಗೆ ಬರುವ ಮೊದಲೇ ಖಂಡಗಳನ್ನು ದಾಟುವ ಸೈಕಲ್ ಪ್ರವಾಸಗಳು ಆರಂಭವಾಗಿದ್ದವು. ಥಾಮಸ್ ಸ್ಟೀವನ್ಸ್ 1884ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, 1886ರ ಡಿಸೆಂಬರ್‌ನಲ್ಲಿ ಜಪಾನಿನ ಯೊಕೊಹಾಮಾ ತಲುಪಿದರು. ಅವರು ತುಳಿದದ್ದು 50 ಅಂಗುಲದ ದೊಡ್ಡ ಮುಂಚಕ್ರವಿದ್ದ, ಇಂದು ವಸ್ತುಸಂಗ್ರಹಾಲಯಗಳಲ್ಲಷ್ಟೇ ಕಾಣುವ ಎತ್ತರದ ಸೈಕಲ್ಲು. ವಿಯೆನ್ನಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಮಾರ್ಗವಾಗಿ ಕಾನ್‌ಸ್ಟಾಂಟಿನೋಪಲ್ಲಿಗೂ ಅಲ್ಲಿಂದ ಪರ್ಷಿಯಾಕ್ಕೂ ಹೋದ ಅವರನ್ನು ಅಫ್ಘಾನಿಸ್ತಾನದಲ್ಲಿ ತಡೆದು ಹಿಂದಕ್ಕೆ ಕಳುಹಿಸಲಾಯಿತು. ಬಳಿಕ ಅವರು ಸುತ್ತುಬಳಸಿ ಹಡಗಿನಲ್ಲಿ ಭಾರತಕ್ಕೆ ಬಂದು ಲಾಹೋರ್‌ನಿಂದ ಕಲ್ಕತ್ತೆಯವರೆಗೆ ಸೈಕಲ್ ತುಳಿದರು. ಮರುಭೂಮಿಯಾಗಲಿ ಪರ್ವತವಾಗಲಿ ತಡೆಯದ ಪ್ರವಾಸವನ್ನು ಅನುಮತಿಪತ್ರವೊಂದು ತಡೆಯಿತೆಂಬುದು ಇಲ್ಲಿ ಗಮನಾರ್ಹ.

ಭಾರತೀಯರ ಪೈಕಿ ಮುಂಬಯಿಯ ಪಾರ್ಸಿ ತರುಣರ ಪ್ರವಾಸ ಪ್ರಸಿದ್ಧವಾದುದು. 1923ರ ಅಕ್ಟೋಬರ್‌ನಲ್ಲಿ ಆರು ಮಂದಿ ಮುಂಬಯಿಯಿಂದ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ ಮತ್ತು ರುಸ್ತುಂ ಭುಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರ್ ಕ್ರಮಿಸಿ 1928ರ ಮಾರ್ಚ್‌ನಲ್ಲಿ ಮರಳಿದರು. ಐರ್ಲೆಂಡಿನ ಲೇಖಕಿ ಡರ್ವ್ಲಾ ಮರ್ಫಿ 1963ರ ಕಡುಚಳಿಗಾಲದಲ್ಲಿ ಒಂಟಿಯಾಗಿ ಫ್ರಾನ್ಸಿನ ಡನ್‌ಕರ್ಕ್‌ನಿಂದ ಹೊರಟು ಅದೇ ವರ್ಷ ದೆಹಲಿ ತಲುಪಿದರು. ಅವರ ಸಿದ್ಧತೆ ಇಂದಿಗೂ ಅಧ್ಯಯನಯೋಗ್ಯ. ಕೆಟ್ಟ ರಸ್ತೆಗಳಲ್ಲಿ ಹಾಳಾಗುವುದೆಂದು ಸೈಕಲ್ಲಿನ ಗೇರುಗಳನ್ನು ಅವರು ಮೊದಲೇ ತೆಗೆಸಿದ್ದರು. ಬಿಡಿ ಟಯರುಗಳನ್ನು ದಾರಿಯ ಊರುಗಳಲ್ಲಿದ್ದ ಬ್ರಿಟಿಷ್ ರಾಯಭಾರ ಕಚೇರಿಗಳಿಗೆ ಮುಂಚಿತವಾಗಿ ಕಳುಹಿಸಿದ್ದರು.

ಸ್ಟೀವನ್ಸ್ ಮತ್ತು ಮರ್ಫಿ ಸಾಗಿದ ಭೂಮಾರ್ಗ ಇಂದು ಭಾರತೀಯರ ಪಾಲಿಗೆ ಬಹುತೇಕ ಮುಚ್ಚಿದೆ. ಭಾರತದ ನಾಗರಿಕರು ಪಾಕಿಸ್ತಾನದ ಮೂಲಕ ಪಶ್ಚಿಮಕ್ಕೆ ಸೈಕಲ್ ತುಳಿದು ಹೋಗುವುದು ಪ್ರಾಯೋಗಿಕವಾಗಿ ಸಾಧ್ಯವಿಲ್ಲದ ಕಾರಣ, ಹೆಚ್ಚಿನ ಪ್ರವಾಸಗಳು ವಿಮಾನದಲ್ಲಿ ಸೈಕಲ್ಲನ್ನು ಕೊಂಡೊಯ್ಯುವುದರಿಂದಲೇ ಆರಂಭವಾಗುತ್ತವೆ.

ಮಾರ್ಗದ ಆಯ್ಕೆ

ಮೊದಲ ಪ್ರವಾಸಕ್ಕೆ ಮಾರ್ಗ ಆರಿಸುವಾಗ ನಾಲ್ಕು ಸಂಗತಿಗಳನ್ನು ಒಟ್ಟಾಗಿ ನೋಡಬೇಕಾಗುತ್ತದೆ: ಒಂದೇ ವೀಸಾದಲ್ಲಿ ಎಷ್ಟು ದೇಶಗಳು ಸೇರುತ್ತವೆ, ರಸ್ತೆಯ ಏರು ಎಷ್ಟು, ಊರುಗಳ ನಡುವಿನ ಅಂತರ ಎಷ್ಟು, ಮತ್ತು ಮಧ್ಯದಲ್ಲಿ ಪ್ರವಾಸವನ್ನು ನಿಲ್ಲಿಸಬೇಕಾಗಿ ಬಂದರೆ ಹತ್ತಿರದಲ್ಲಿ ರೈಲು ಇದೆಯೇ. ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಮಧ್ಯ ಏಷ್ಯಾದ ಪಾಮಿರ್ ಹೆದ್ದಾರಿ ಚಿತ್ರಗಳಲ್ಲಿ ಮೋಹಕವಾದರೂ ಅಲ್ಲಿನ ಕಣಿವೆಮಾರ್ಗಗಳು 4,000 ಮೀಟರಿಗಿಂತ ಎತ್ತರದಲ್ಲಿದ್ದು, ನೆರವು ನೂರಾರು ಕಿಲೋಮೀಟರ್ ದೂರದಲ್ಲಿರುತ್ತದೆ. ಮೊದಲ ಪ್ರವಾಸಕ್ಕೆ ಅದು ತಕ್ಕದ್ದಲ್ಲ.

ವಿಮಾನವೆಚ್ಚ ಮತ್ತು ವೀಸಾದ ತೊಡಕು ಬೇಡವೆನ್ನುವವರಿಗೆ ನೇಪಾಳ ಒಳ್ಳೆಯ ಆರಂಭ. ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ, ಭೂಗಡಿಯಲ್ಲಿ ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ದೇಶದ ಪೂರ್ವದಿಂದ ಪಶ್ಚಿಮಕ್ಕೆ ತರಾಯಿ ಬಯಲಿನ ಉದ್ದಕ್ಕೂ ಸಾಗುವ ಮಹೇಂದ್ರ ಹೆದ್ದಾರಿ ಸಾವಿರ ಕಿಲೋಮೀಟರಿಗೂ ಮಿಗಿಲಾದುದು. ಆದರೆ ಅದು ಲಾರಿ ಬಸ್ಸುಗಳ ಹೆದ್ದಾರಿಯೆಂಬುದನ್ನು ಮರೆಯುವಂತಿಲ್ಲ. ಭೂತಾನಕ್ಕೂ ಭಾರತೀಯರಿಗೆ ವೀಸಾ ಬೇಡವಾದರೂ ಪ್ರವೇಶ ಪರವಾನಗಿ ಬೇಕು ಹಾಗೂ ರಾತ್ರಿಯೊಂದಕ್ಕೆ 1,200 ರೂಪಾಯಿಯಂತೆ ಶುಲ್ಕವಿದೆ. ದಿನಕ್ಕೆ ಐವತ್ತು ಕಿಲೋಮೀಟರ್ ಸಾಗುವ ಸೈಕಲ್ ಪ್ರವಾಸಿಗೆ ಇದು ಬೇಗ ಬೆಳೆಯುವ ಮೊತ್ತ.

ಡ್ಯಾನ್ಯೂಬ್ ಮಾರ್ಗ

ಯೂರೋಪಿನಾದ್ಯಂತ ದೂರದ ಸೈಕಲ್ ಮಾರ್ಗಗಳನ್ನು ಗುರುತಿಸಿ ಜೋಡಿಸುವ ಯೋಜನೆಗೆ ಯೂರೋವೆಲೋ ಎಂದು ಹೆಸರು. ಯೂರೋಪಿಯನ್ ಸೈಕ್ಲಿಸ್ಟ್ಸ್ ಫೆಡರೇಶನ್ ಇದರ ಹೊಣೆ ಹೊತ್ತಿದ್ದು, ಜಾಲದಲ್ಲಿ 17 ಮಾರ್ಗಗಳಿವೆ. ಇವುಗಳಲ್ಲಿ ಆರನೆಯದು ಫ್ರಾನ್ಸಿನ ಅಟ್ಲಾಂಟಿಕ್ ತೀರದಿಂದ ರೊಮೇನಿಯಾದ ಕಪ್ಪು ಸಮುದ್ರದ ತೀರದವರೆಗೆ, ಹತ್ತು ದೇಶಗಳ ಮೂಲಕ, ಸುಮಾರು 4,450 ಕಿಲೋಮೀಟರ್ ಸಾಗುತ್ತದೆ. ಲ್ವಾರ್, ರೈನ್ ಮತ್ತು ಡ್ಯಾನ್ಯೂಬ್ ನದಿಗಳ ದಂಡೆಯನ್ನೇ ಬಹುಪಾಲು ಅನುಸರಿಸುವುದರಿಂದ ಏರುಗಳು ಕಡಿಮೆ. ಕೂಡುದಾರಿಗಳಲ್ಲಿ ನೀಲಿ ಹಿನ್ನೆಲೆಯ ಮೇಲೆ ಹಳದಿ ನಕ್ಷತ್ರಗಳ ವೃತ್ತದೊಳಗೆ ಮಾರ್ಗದ ಸಂಖ್ಯೆಯನ್ನು ಬರೆದ ಫಲಕಗಳಿರುತ್ತವೆ.

ಈ ಮಾರ್ಗದ ಜನಪ್ರಿಯ ಭಾಗ ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗಿನ ಸುಮಾರು 320 ಕಿಲೋಮೀಟರ್. ಪಸ್ಸಾವ್ ಡ್ಯಾನ್ಯೂಬ್, ಇನ್ ಮತ್ತು ಇಲ್ಜ್ ಎಂಬ ಮೂರು ನದಿಗಳ ಸಂಗಮದ ಊರು. ಇಲ್ಲಿಂದ ಹೊರಟ ಮಾರ್ಗ ಲಿನ್ಜ್ ನಗರವನ್ನು ಹಾದು, ಬೆಟ್ಟದ ಮೇಲೆ ಬೆನೆಡಿಕ್ಟಿನ್ ಮಠವಿರುವ ಮೆಲ್ಕ್ ತಲುಪುತ್ತದೆ. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ ದ್ರಾಕ್ಷಿ ಮತ್ತು ಏಪ್ರಿಕಾಟ್ ತೋಟಗಳಿಗೆ ಹೆಸರಾದುದು. 2000ದಲ್ಲಿ ಇದನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಈ ಭಾಗದಲ್ಲಿ ಬಹುತೇಕ ಎಲ್ಲೆಡೆ ಮೋಟಾರು ವಾಹನಗಳಿಂದ ಬೇರ್ಪಟ್ಟ, ಡಾಂಬರು ಹಾಕಿದ ಸೈಕಲ್ ದಾರಿಯಿದೆ. ವಿಯೆನ್ನಾದಿಂದ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾಕ್ಕೆ ಒಂದೇ ದಿನದ ದಾರಿ. ಅಲ್ಲಿಂದ ಮುಂದೆ ಉತ್ತರ ದಂಡೆ ಸ್ಲೊವಾಕಿಯಾದ್ದು, ದಕ್ಷಿಣ ದಂಡೆ ಹಂಗೇರಿಯದ್ದು. ಪ್ರವಾಸಿ ಯಾವುದನ್ನಾದರೂ ಹಿಡಿದು ಬುಡಾಪೆಸ್ಟ್ ಸೇರಬಹುದು.

ಡ್ಯಾನ್ಯೂಬ್‌ನ ದೂರವನ್ನು ಉಗಮದಿಂದಲ್ಲ, ಸಮುದ್ರದ ಕಡೆಯಿಂದ ಎಣಿಸುವುದು ವಾಡಿಕೆ. ದಂಡೆಯ ಫಲಕಗಳ ಪ್ರಕಾರ ಪಸ್ಸಾವ್ ಸುಮಾರು 2,226ನೆಯ ಕಿಲೋಮೀಟರಿನಲ್ಲೂ ಬುಡಾಪೆಸ್ಟ್ ಸುಮಾರು 1,647ನೆಯ ಕಿಲೋಮೀಟರಿನಲ್ಲೂ ಇವೆ. ಆದ್ದರಿಂದ ಕೆಳಮುಖವಾಗಿ ಸಾಗುವವರಿಗೆ ಸಂಖ್ಯೆಗಳು ಇಳಿಯುತ್ತ ಹೋಗುತ್ತವೆ. ನದಿಯ ಲೆಕ್ಕದಲ್ಲಿ 580 ಕಿಲೋಮೀಟರಿನಷ್ಟಿರುವ ಈ ಅಂತರ, ದಾರಿಯ ಸುತ್ತುಬಳಸು ಸೇರಿ ಸೈಕಲ್ಲಿನಲ್ಲಿ 620ರಿಂದ 650 ಕಿಲೋಮೀಟರ್ ಆಗುತ್ತದೆ. ನಾಲ್ಕು ದೇಶಗಳು, ಒಂದೇ ವೀಸಾ, ದಾರಿಯುದ್ದಕ್ಕೂ ರೈಲು: ಮೊದಲ ಪ್ರವಾಸಕ್ಕೆ ಇದಕ್ಕಿಂತ ಅನುಕೂಲವಾದ ಮಾರ್ಗಗಳು ವಿರಳ.

ಬುಡಾಪೆಸ್ಟ್‌ನಿಂದ ಮುಂದೆ ಸ್ವರೂಪ ಬದಲಾಗುತ್ತದೆ. ದಾರಿ ಸಾಮಾನ್ಯ ರಸ್ತೆಗಳನ್ನು ಹೆಚ್ಚಾಗಿ ಬಳಸುತ್ತದೆ, ಊರುಗಳು ದೂರವಾಗುತ್ತವೆ. ಸೆರ್ಬಿಯಾದ ಗೊಲುಬಾಟ್ಸ್ ಕೋಟೆಯಿಂದ ಆರಂಭವಾಗುವ ಐರನ್ ಗೇಟ್ ಕಮರಿ ಇಡೀ ಮಾರ್ಗದ ಅತ್ಯಂತ ಭವ್ಯವಾದ ಭಾಗವಾದರೂ, ಅಲ್ಲಿ ಮೋಟಾರು ರಸ್ತೆಯೇ ಸೈಕಲ್ ದಾರಿ. ದೀಪವಿಲ್ಲದ ಹಲವು ಸುರಂಗಗಳನ್ನು ದಾಟಬೇಕಾದ್ದರಿಂದ ಹಗಲಿನಲ್ಲೂ ಸೈಕಲ್ಲಿಗೆ ಮುಂದೆ ಹಿಂದೆ ದೀಪಗಳಿರಬೇಕು. ಇನ್ನೂ ಕೆಳಗೆ ಬಲದಂಡೆ ಬಲ್ಗೇರಿಯಾ, ಎಡದಂಡೆ ರೊಮೇನಿಯಾ. ಬಲ್ಗೇರಿಯಾದ ದಂಡೆಯಲ್ಲಿ ಏರಿಳಿತ ಹೆಚ್ಚು. ರೊಮೇನಿಯಾದ ದಂಡೆ ಸಮತಟ್ಟು, ಆದರೆ ಬೀದಿನಾಯಿಗಳ ಕಾಟವನ್ನು ಅಲ್ಲಿ ಸಾಗಿದ ಅನೇಕರು ಹೇಳಿಕೊಂಡಿದ್ದಾರೆ. ವಿದಿನ್ ಮತ್ತು ಕಲಾಫಾತ್ ಊರುಗಳ ನಡುವೆ 2013ರಲ್ಲಿ ಸೇತುವೆ ತೆರೆದ ಮೇಲೆ ಎರಡು ದಂಡೆಗಳ ನಡುವಿನ ಓಡಾಟ ಸುಲಭವಾಗಿದೆ.

ವೀಸಾ ಮತ್ತು ಗಡಿಗಳು

ಪಸ್ಸಾವ್–ಬುಡಾಪೆಸ್ಟ್ ಮಾರ್ಗದ ನಾಲ್ಕೂ ದೇಶಗಳು ಷೆಂಗೆನ್ ಒಪ್ಪಂದಕ್ಕೆ ಸೇರಿದವು. ಈ ವಲಯದಲ್ಲಿ ಅಲ್ಪಾವಧಿಯ ಪ್ರವಾಸಿ ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಒಳಬಂದ ದಿನವೂ ಹೊರಹೋದ ದಿನವೂ ಲೆಕ್ಕಕ್ಕೆ ಸೇರುತ್ತವೆ. ಇಲ್ಲಿ ಹೊಸಬರು ಗೊಂದಲಗೊಳ್ಳುವ ಒಂದು ಅಂಶವಿದೆ. ವೀಸಾ ಚೀಟಿಯ ಮೇಲೆ ಎರಡು ಬೇರೆ ಬೇರೆ ಸಂಗತಿಗಳು ಅಚ್ಚಾಗಿರುತ್ತವೆ: ಒಂದು, ವೀಸಾ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಊರ್ಜಿತ ಎಂಬುದು, ಇನ್ನೊಂದು, ಆ ಅವಧಿಯೊಳಗೆ ಎಷ್ಟು ದಿನ ತಂಗಬಹುದು ಎಂಬುದು. ಊರ್ಜಿತವಾಗಿರುವ ಅವಧಿ 35 ದಿನಗಳಿದ್ದು ತಂಗುವ ದಿನಗಳು 20 ಎಂದಿದ್ದರೆ, ಇಪ್ಪತ್ತನೆಯ ದಿನ ಹೊರಡಲೇಬೇಕು. ಸಾಮಾನ್ಯವಾಗಿ ಅರ್ಜಿದಾರ ತೋರಿಸಿದ ಕಾರ್ಯಕ್ರಮದ ಆಧಾರದ ಮೇಲೆ ಈ ದಿನಗಳನ್ನು ನಿಗದಿಪಡಿಸುವುದರಿಂದ, ಅರ್ಜಿಯಲ್ಲಿ ಬಿಗಿಯಾದ ದಿನಗಳನ್ನು ಕೇಳಿದವರಿಗೆ ಬಿಗಿಯಾದ ದಿನಗಳೇ ದೊರೆಯುತ್ತವೆ. ಸಡಿಲಿಕೆಯ ದಿನಗಳನ್ನು ಅರ್ಜಿಯಲ್ಲಿಯೇ ನಮೂದಿಸಬೇಕು. ದಾರಿಯಲ್ಲಿ ಅವನ್ನು ಗಳಿಸಿಕೊಳ್ಳಲಾಗದು.

ಅರ್ಜಿಯನ್ನು ಯಾವ ದೇಶಕ್ಕೆ ಸಲ್ಲಿಸಬೇಕೆಂಬುದಕ್ಕೂ ನಿಯಮವಿದೆ: ಹೆಚ್ಚು ದಿನ ತಂಗುವ ದೇಶಕ್ಕೆ; ದಿನಗಳು ಸಮನಾದರೆ ಮೊದಲು ಪ್ರವೇಶಿಸುವ ದೇಶಕ್ಕೆ. ವಿಮಾನ ಮ್ಯೂನಿಕ್‌ನಲ್ಲಿ ಇಳಿದರೂ, ಪಸ್ಸಾವ್ ಬಿಟ್ಟ ಕೆಲವೇ ಗಂಟೆಗಳಲ್ಲಿ ಪ್ರವಾಸಿ ಆಸ್ಟ್ರಿಯಾ ಪ್ರವೇಶಿಸಿ ವಾರಕ್ಕೂ ಹೆಚ್ಚು ಕಾಲ ಅಲ್ಲೇ ಇರುವುದರಿಂದ, ಈ ಪ್ರವಾಸಕ್ಕೆ ಅರ್ಜಿ ಸಲ್ಲಬೇಕಾದುದು ಆಸ್ಟ್ರಿಯಾಕ್ಕೆ. ಬುಡಾಪೆಸ್ಟ್‌ನಲ್ಲಿ ಬಹಳ ದಿನ ನಿಲ್ಲುವುದಾದರೆ ಲೆಕ್ಕ ಹಂಗೇರಿಯ ಕಡೆ ವಾಲಬಹುದು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಸಲ್ಲಿಸಬಹುದು, 15 ದಿನಗಳಿಗಿಂತ ತಡ ಮಾಡುವಂತಿಲ್ಲ. ಬೇಸಗೆಯ ಪ್ರವಾಸಕ್ಕೆ ಬೆಂಗಳೂರಿನ ಅರ್ಜಿ ಕೇಂದ್ರಗಳಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ದಟ್ಟಣೆಯಿರುವುದರಿಂದ ಬೇಗ ಹೊರಡುವುದು ಜಾಣತನ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅದು ಸೈಕಲ್ ಅಪಘಾತಗಳನ್ನು ಒಳಗೊಳ್ಳುತ್ತದೆಯೇ ಎಂಬುದನ್ನು ವಿಮಾಪತ್ರದ ಸಣ್ಣಕ್ಷರಗಳಲ್ಲಿ ಓದಿ ನೋಡಬೇಕು.

ಸೈಕಲ್ ಪ್ರವಾಸಿಗೆ ನಿಜವಾದ ಇಕ್ಕಟ್ಟು ಎದುರಾಗುವುದು ವಸತಿಯ ಪುರಾವೆಯಲ್ಲಿ. ಪ್ರತಿ ರಾತ್ರಿ ಎಲ್ಲಿ ತಂಗುವಿರಿ ಎಂದು ವೀಸಾ ಕಚೇರಿ ಕೇಳುತ್ತದೆ. ಎದುರುಗಾಳಿ ಬೀಸಿದ ದಿನ ಎಲ್ಲಿ ತಂಗುವೆನೆಂದು ಸೈಕಲ್ ಪ್ರವಾಸಿಗೆ ಆ ಸಂಜೆಯವರೆಗೂ ತಿಳಿದಿರುವುದಿಲ್ಲ. ಸುಳ್ಳು ಕಾಯ್ದಿರಿಸುವಿಕೆಗಳನ್ನು ತೋರಿಸಿ ವೀಸಾ ಪಡೆದೊಡನೆ ರದ್ದುಮಾಡುವ ಅಭ್ಯಾಸ ಕೆಲವರಲ್ಲಿದೆ. ಇದು ಸರಿಯಲ್ಲ, ಸುರಕ್ಷಿತವೂ ಅಲ್ಲ. ಪತ್ತೆಯಾದರೆ ವೀಸಾ ರದ್ದಾಗಬಹುದು. ಹೆಚ್ಚು ಒಪ್ಪುವ ದಾರಿಯೆಂದರೆ, ಇದು ಸೈಕಲ್ ಪ್ರವಾಸವೆಂದು ಮನವಿಪತ್ರದಲ್ಲಿ ಸ್ಪಷ್ಟವಾಗಿ ಬರೆದು, ದಿನವಾರು ಪಟ್ಟಿಯನ್ನೂ ನಕ್ಷೆಯನ್ನೂ ಲಗತ್ತಿಸಿ, ದಿನಕ್ಕೆ 45–50 ಕಿಲೋಮೀಟರಿನ ಹಗುರ ಲೆಕ್ಕದಲ್ಲಿ ವಸತಿಗಳನ್ನು ನಿಜವಾಗಿ ಕಾಯ್ದಿರಿಸುವುದು. ದಿನಾಂಕ ಬದಲಿಸಲು ಅವಕಾಶವಿರುವ ವಸತಿಗಳನ್ನೇ ಆರಿಸಿಕೊಂಡರೆ ದಾರಿಯಲ್ಲಿ ಒಂದೆರಡು ದಿನ ಹಿಂದುಮುಂದಾದರೂ ಬಾಧಕವಿಲ್ಲ.

ಬುಡಾಪೆಸ್ಟ್ ದಾಟಿ ಕಪ್ಪು ಸಮುದ್ರದವರೆಗೆ ಹೋಗಬಯಸುವವರು ಇನ್ನೊಂದು ಅಪಾಯವನ್ನು ಅರಿತಿರಬೇಕು. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್ ವಲಯ ಸೇರಿತು. ಬಲ್ಗೇರಿಯಾ ಮತ್ತು ರೊಮೇನಿಯಾಗಳ ಭೂಗಡಿಗಳಲ್ಲಿ 2025ರ ಜನವರಿ 1ರಿಂದ ಅದೇ ವ್ಯವಸ್ಥೆ ಬಂದಿದೆ. ನಡುವಿನ ಸೆರ್ಬಿಯಾ ಮಾತ್ರ ಹೊರಗಿದೆ. ಒಂದೇ ಬಾರಿಯ ಪ್ರವೇಶದ ವೀಸಾ ಪಡೆದವರು ಕ್ರೊಯೇಷಿಯಾದ ಇಲೋಕ್ ಸೇತುವೆ ದಾಟಿ ಸೆರ್ಬಿಯಾದ ಬಾಚ್ಕಾ ಪಲಾಂಕಾ ಊರಿಗೆ ಕಾಲಿಟ್ಟರೆ, ಅವರ ಷೆಂಗೆನ್ ಪ್ರವೇಶ ಅಲ್ಲಿಗೆ ಮುಗಿಯಿತು. ಕೈಯಲ್ಲಿ ದಿನಗಳು ಎಷ್ಟೇ ಉಳಿದಿದ್ದರೂ ಮುಂದೆ ರೊಮೇನಿಯಾ ಪ್ರವೇಶಿಸಲಾಗದು. ಆದ್ದರಿಂದ ಈ ದಾರಿಗೆ ಬಹುಪ್ರವೇಶದ ವೀಸಾ ಅನಿವಾರ್ಯ. ಸೆರ್ಬಿಯಾ 2023ರ ಆರಂಭದಿಂದ ಭಾರತೀಯರಿಗಿದ್ದ ವೀಸಾ ವಿನಾಯಿತಿಯನ್ನು ಹಿಂಪಡೆದಿದೆ, ಆದರೆ ಊರ್ಜಿತ ಷೆಂಗೆನ್ ವೀಸಾ ಇದ್ದವರಿಗೆ ಪ್ರತ್ಯೇಕ ವೀಸಾ ಇಲ್ಲದೆ ಪ್ರವೇಶ ನೀಡುತ್ತದೆ. ಸೆರ್ಬಿಯಾದಲ್ಲಿ ಕಳೆದ ಪೂರ್ಣ ದಿನಗಳು ಷೆಂಗೆನ್ ಲೆಕ್ಕಕ್ಕೆ ಸೇರುವುದಿಲ್ಲ. ಇಂಥ ನಿಯಮಗಳು ಮುನ್ಸೂಚನೆಯಿಲ್ಲದೆ ಬದಲಾಗುವುದುಂಟು. ಹೊರಡುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ಪ್ರಮಾಣವಾಗಿ ನೋಡಬೇಕು.

ಸೆರ್ಬಿಯಾದಲ್ಲಿ ವಿದೇಶೀಯರು ಬಂದ 24 ಗಂಟೆಗಳೊಳಗೆ ತಮ್ಮ ವಾಸಸ್ಥಳವನ್ನು ಪೊಲೀಸರಲ್ಲಿ ನೋಂದಾಯಿಸಬೇಕೆಂಬ ನಿಯಮವಿದೆ. ಹೋಟೆಲುಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಪರಿಚಿತರ ಮನೆಯಲ್ಲಿ ಅಥವಾ ಡೇರೆಯಲ್ಲಿ ಮಲಗುವವರಿಗೆ ಇದು ತಲೆನೋವು. ಷೆಂಗೆನ್ ವಲಯದ ಹೊರಗಡಿಗಳಲ್ಲಿ 2025ರ ಅಕ್ಟೋಬರ್ 12ರಿಂದ ಬೆರಳಚ್ಚು ಮತ್ತು ಮುಖಚಿತ್ರ ಪಡೆದು ಪ್ರವೇಶ–ನಿರ್ಗಮನಗಳನ್ನು ಗಣಕದಲ್ಲಿ ದಾಖಲಿಸುವ ವ್ಯವಸ್ಥೆ ಆರಂಭವಾಗಿರುವುದರಿಂದ, ದಿನಗಳ ಎಣಿಕೆ ಇನ್ನು ಮೊಹರಿನ ಮಸಿಯನ್ನು ಅವಲಂಬಿಸಿಲ್ಲ.

ದಿನಗಳ ಲೆಕ್ಕ

ಹೊರೆಯಿಲ್ಲದ ಸೈಕಲ್ಲಿನಲ್ಲಿ ಭಾನುವಾರದ ಬೆಳಗ್ಗೆ 100 ಕಿಲೋಮೀಟರ್ ತುಳಿಯಬಲ್ಲವರು, ಅದೇ ಲೆಕ್ಕದಲ್ಲಿ ಇಡೀ ಪ್ರವಾಸವನ್ನು ಭಾಗಿಸುವುದು ಮೊದಲ ಯೋಜನೆಗಳ ಸಾಮಾನ್ಯ ದೋಷ. ಹದಿನೈದು ಕಿಲೋ ಹೊರೆಯೊಂದಿಗೆ, ದಿನವೂ, ಅಪರಿಚಿತ ದಾರಿಯಲ್ಲಿ, ಊಟ–ವಸತಿ ಹುಡುಕುತ್ತ, ನೋಡಬೇಕಾದುದನ್ನು ನೋಡುತ್ತ ಸಾಗುವಾಗ 50ರಿಂದ 70 ಕಿಲೋಮೀಟರ್ ಸಮಾಧಾನಕರ ದಿನಗತಿ. ಪಸ್ಸಾವ್‌ನಿಂದ ಬುಡಾಪೆಸ್ಟ್‌ಗೆ ದಿನಕ್ಕೆ 55 ಕಿಲೋಮೀಟರಿನಂತೆ ಹನ್ನೆರಡು ದಿನ ಬೇಕು. ಇದಕ್ಕೆ ಲಿನ್ಜ್ ಮತ್ತು ವಿಯೆನ್ನಾಗಳಲ್ಲಿ ಒಟ್ಟು ಮೂರು ವಿಶ್ರಾಂತಿಯ ದಿನ, ಮಳೆ ಅಥವಾ ದುರಸ್ತಿಗೆ ಎರಡು ದಿನ, ಆರಂಭದಲ್ಲಿ ಸೈಕಲ್ ಜೋಡಿಸಿ ಸಮಯವ್ಯತ್ಯಾಸಕ್ಕೆ ಹೊಂದಿಕೊಳ್ಳಲು ಎರಡು ದಿನ, ಕೊನೆಯಲ್ಲಿ ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬಲು ಎರಡು ದಿನ ಸೇರಿಸಿದರೆ ಒಟ್ಟು 21 ದಿನಗಳಾಗುತ್ತವೆ. ತುಳಿಯುವುದಕ್ಕೆ ಹನ್ನೆರಡು, ತುಳಿಯದಿರುವುದಕ್ಕೆ ಒಂಬತ್ತು! ಈ ಅನುಪಾತ ವಿಚಿತ್ರವೆನಿಸಿದರೂ, ಒಂಬತ್ತನ್ನು ನಾಲ್ಕಕ್ಕೆ ಇಳಿಸಿದ ಪ್ರವಾಸಗಳು ಸಾಮಾನ್ಯವಾಗಿ ರೈಲಿನಲ್ಲಿ ಮುಗಿಯುತ್ತವೆ.

ರೈಲಿನಲ್ಲಿ ಮುಗಿಯುವುದು ಅವಮಾನವೇನೂ ಅಲ್ಲ. ಯೋಜನೆ ಮಾಡುವಾಗಲೇ ಯಾವ ಭಾಗವನ್ನು ಬೇಕಾದರೆ ರೈಲಿನಲ್ಲಿ ಸಾಗಬಹುದೆಂದು ಗುರುತಿಸಿಕೊಳ್ಳುವುದು ಅನುಭವಿಗಳ ಪದ್ಧತಿ. ಈ ನಾಲ್ಕೂ ದೇಶಗಳಲ್ಲಿ ಸೈಕಲ್ ಒಯ್ಯಬಹುದಾದ ರೈಲುಗಳಿವೆ. ಸೈಕಲ್ಲಿಗೆ ಪ್ರತ್ಯೇಕ ಚೀಟಿ ಬೇಕಾಗುವುದು ಸಾಮಾನ್ಯ, ದೂರದ ರೈಲುಗಳಲ್ಲಿ ಅದಕ್ಕೂ ಸ್ಥಳ ಕಾಯ್ದಿರಿಸಬೇಕು.

ಋತು ಮತ್ತು ಗಾಳಿ

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಈ ಮಾರ್ಗಕ್ಕೆ ಪ್ರಶಸ್ತ ಕಾಲ. ಜುಲೈ–ಆಗಸ್ಟ್‌ಗಳಲ್ಲಿ ಬಿಸಿಲೂ ಜನಸಂದಣಿಯೂ ಹೆಚ್ಚು. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದು ಭಾರತದಿಂದ ಹೋದವರಿಗೆ ಅಚ್ಚರಿಯ ಅನುಕೂಲ.

ನದಿಯ ಹರಿವಿನ ದಿಕ್ಕಿನಲ್ಲಿ ಸಾಗಿದರೆ ಇಡೀ ದಾರಿ ಇಳಿಜಾರೆಂಬ ಭ್ರಮೆ ಅನೇಕರಿಗಿದೆ. ಪಸ್ಸಾವ್ ಸಮುದ್ರಮಟ್ಟದಿಂದ ಸುಮಾರು 300 ಮೀಟರ್, ಬುಡಾಪೆಸ್ಟ್ ಸುಮಾರು 100 ಮೀಟರ್ ಎತ್ತರದಲ್ಲಿವೆ. ಆರು ನೂರಕ್ಕೂ ಹೆಚ್ಚು ಕಿಲೋಮೀಟರಿನಲ್ಲಿ ಇನ್ನೂರು ಮೀಟರಿನ ಇಳಿತ ಕಾಲಿಗೆ ತಿಳಿಯುವುದೇ ಇಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಹೋಗುವುದರ ನಿಜವಾದ ಲಾಭವೆಂದರೆ ಗಾಳಿ. ಮಧ್ಯ ಯೂರೋಪಿನಲ್ಲಿ ಪಶ್ಚಿಮದ ಗಾಳಿಯೇ ಹೆಚ್ಚಾಗಿ ಬೀಸುತ್ತದೆ. ಸೆರ್ಬಿಯಾದಲ್ಲಿ ಮಾತ್ರ ಕೊಶಾವಾ ಎಂಬ ಆಗ್ನೇಯ ದಿಕ್ಕಿನ ಬಿರುಗಾಳಿ, ವಿಶೇಷವಾಗಿ ಶರತ್ಕಾಲ ಮತ್ತು ಚಳಿಗಾಲಗಳಲ್ಲಿ, ಕಮರಿಯ ಬಾಯಿಂದ ಎದುರಿಗೇ ಬರುತ್ತದೆ. ಇಂಥ ಎದುರುಗಾಳಿಯ ದಿನ ಸಮತಟ್ಟು ದಾರಿಯೂ ಘಾಟಿಯ ಏರಿನಂತೆ ದಣಿಸುತ್ತದೆ.

ಸೈಕಲ್ ಮತ್ತು ಹೊರೆ

ಪ್ರವಾಸಕ್ಕೆಂದೇ ತಯಾರಾದ ಸೈಕಲ್ಲುಗಳಿವೆಯಾದರೂ ಡ್ಯಾನ್ಯೂಬ್‌ನಂಥ ದಾರಿಗೆ ಗಟ್ಟಿಮುಟ್ಟಾದ ಯಾವುದೇ ಸೈಕಲ್ಲು ಸಾಕು. ಹಿಂದೆ ಕ್ಯಾರಿಯರ್ ಜೋಡಿಸಲು ತೂತುಗಳಿರಬೇಕು, ಏರಿಗೆ ಹಗುರವಾದ ಗೇರು ಇರಬೇಕು, 35 ಮಿಲಿಮೀಟರಿಗೂ ಅಗಲವಾದ ಟಯರ್ ಕೂರುವಷ್ಟು ಜಾಗವಿರಬೇಕು. ಭಾರವೆಲ್ಲ ಹಿಂಚಕ್ರದ ಮೇಲೆ ಬೀಳುವುದರಿಂದ ಅದರ ಕಡ್ಡಿಗಳು, ಅದರಲ್ಲೂ ಗೇರಿನ ಬದಿಯವು, ಮೊದಲು ಮುರಿಯುತ್ತವೆ. ಹೊರಡುವ ಮೊದಲು ನುರಿತವರಿಂದ ಚಕ್ರವನ್ನು ಬಿಗಿಗೊಳಿಸಿ ನೇರ ಮಾಡಿಸುವುದು ದುಬಾರಿ ಸೈಕಲ್ ಕೊಳ್ಳುವುದಕ್ಕಿಂತ ಮುಖ್ಯ.

ಟಯರಿನ ಅಳತೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಯೂರೋಪಿನಲ್ಲಿ 28 ಇಂಚು ಎಂದು ಮಾರುವ ಟಯರಿನ ರಿಮ್ ವ್ಯಾಸ 622 ಮಿಲಿಮೀಟರ್. ನಮ್ಮ ಹಳೆಯ ಕರಿ ಸೈಕಲ್ಲಿನ 28 ಇಂಚಿನದು 635 ಮಿಲಿಮೀಟರ್. ಹೆಸರು ಒಂದೇ ಆದರೂ ಒಂದಕ್ಕೊಂದು ಕೂರುವುದಿಲ್ಲ. ಟಯರಿನ ಬದಿಯಲ್ಲಿ ಮುದ್ರಿಸಿದ ಮಿಲಿಮೀಟರ್ ಸಂಖ್ಯೆಯನ್ನೇ ನಂಬಬೇಕು. ಟ್ಯೂಬಿನ ವಾಲ್ವ್ ಯಾವ ಬಗೆಯದೆಂದೂ, ಪಂಪು ಅದಕ್ಕೆ ಹೊಂದುವುದೇ ಎಂದೂ ಮನೆಯಲ್ಲೇ ನೋಡಿಕೊಳ್ಳಬೇಕು.

ಸಾಮಾನುಗಳ ಪಟ್ಟಿ ಪ್ರತಿಯೊಬ್ಬರದೂ ಬೇರೆ. ಬೆನ್ನಚೀಲ ಬೇಡ, ಕ್ಯಾರಿಯರಿನ ಎರಡು ಬದಿಗೆ ತೂಗುವ, ನೀರು ಒಳಸೇರದ ಚೀಲಗಳು ಉತ್ತಮ. ಪಂಕ್ಚರ್ ಸಾಮಗ್ರಿ, ಎರಡು ಟ್ಯೂಬು, ಅಲನ್ ಕೀಲಿಗಳು, ಚೈನು ಬಿಚ್ಚುವ ಸಾಧನ, ಬ್ರೇಕ್ ಪ್ಯಾಡುಗಳು, ಎರಡು ಕಡ್ಡಿಗಳು ಇದ್ದರೆ ಸಾಕು. ಉಳಿದುದು ಅಂಗಡಿಗಳಲ್ಲಿ ದೊರೆಯುತ್ತದೆ. ಎಲ್ಲವನ್ನೂ ಹೇರಿಕೊಂಡು ಮೂರು ದಿನಗಳ ಪ್ರಯೋಗಪ್ರವಾಸ ಮಾಡಿ, ಬಳಸದೇ ಉಳಿದ ವಸ್ತುಗಳನ್ನು ಮನೆಯಲ್ಲಿ ಬಿಡುವುದು ತೂಕ ಇಳಿಸುವ ಸುಲಭೋಪಾಯ. ಕರ್ನಾಟಕದವರು ಈ ಪ್ರಯೋಗವನ್ನು ಮಲೆನಾಡಿನ ಮಳೆಯಲ್ಲಿ ಮಾಡಿದರೆ ಚೀಲಗಳ ಪರೀಕ್ಷೆಯೂ ಆಗುತ್ತದೆ.

ಮೇಲಿನ ದೇಶಗಳಲ್ಲೆಲ್ಲ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ದಾರಿಯಲ್ಲಿ ಸಾಗುತ್ತಿರುವಾಗ ಇದು ನೆನಪಿರುತ್ತದೆ. ಮರೆವು ಕಾಡುವುದು ಬೆಳಗ್ಗೆ ಹೊರಡುವ ಕ್ಷಣದಲ್ಲಿ ಮತ್ತು ಖಾಲಿ ರಸ್ತೆಯಲ್ಲಿ ತಿರುವು ತೆಗೆದುಕೊಳ್ಳುವಾಗ. ಸ್ಲೊವಾಕಿಯಾದಲ್ಲಿ ಊರ ಹೊರಗಿನ ರಸ್ತೆಗಳಲ್ಲಿ ವಯಸ್ಕರಿಗೂ ಹೆಲ್ಮೆಟ್ ಕಡ್ಡಾಯ. ಹಂಗೇರಿಯಲ್ಲಿ ಕತ್ತಲಾದ ಮೇಲೆ ಊರ ಹೊರಗೆ ಸಾಗುವವರು ಬೆಳಕು ಪ್ರತಿಫಲಿಸುವ ಮೇಲಂಗಿ ತೊಡಬೇಕು.

ವಸತಿ, ಆಹಾರ, ಹಣ

ಆಸ್ಟ್ರಿಯಾದ ದಂಡೆಯಲ್ಲಿ ಸೈಕಲ್ ಪ್ರವಾಸಿಗರಿಗೆಂದೇ ಅತಿಥಿಗೃಹಗಳೂ ಡೇರೆ ಹಾಕುವ ತಾಣಗಳೂ ಸಾಕಷ್ಟಿವೆ. ಕಂಡ ಕಂಡಲ್ಲಿ ಡೇರೆ ಹಾಕಲು ಅಲ್ಲಿ ಸಾಮಾನ್ಯವಾಗಿ ಅನುಮತಿಯಿಲ್ಲ. ಸೈಕಲ್ ಪ್ರವಾಸಿಗರು ಪರಸ್ಪರ ಮನೆಗಳಲ್ಲಿ ಆತಿಥ್ಯ ನೀಡುವ ವಾರ್ಮ್‌ಶವರ್ಸ್ ಎಂಬ ಅಂತರರಾಷ್ಟ್ರೀಯ ಜಾಲವೊಂದಿದೆ. ಸದಸ್ಯರು ಒಂದೂರಿನಲ್ಲಿ ಅತಿಥಿಯಾದರೆ ತಮ್ಮೂರಿನಲ್ಲಿ ಆತಿಥೇಯರಾಗುವರೆಂಬುದು ಅದರ ನಿರೀಕ್ಷೆ.

ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ ಭಾನುವಾರ ಮತ್ತು ಹಬ್ಬದ ದಿನಗಳಂದು ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಇದನ್ನರಿಯದೆ ಶನಿವಾರ ಸಂಜೆ ಖಾಲಿ ಚೀಲದೊಂದಿಗೆ ಹಳ್ಳಿಯಲ್ಲಿ ತಂಗಿದವರು ಮರುದಿನ ಪೆಟ್ರೋಲ್ ಬಂಕಿನ ಬಿಸ್ಕತ್ತನ್ನೇ ನೆಚ್ಚಬೇಕಾಗುತ್ತದೆ. ಸಸ್ಯಾಹಾರಿಗಳಿಗೆ ದೊಡ್ಡ ಊರುಗಳಲ್ಲಿ ತೊಂದರೆಯಿಲ್ಲ. ಹಳ್ಳಿಗಳಲ್ಲಿ ಬ್ರೆಡ್ಡು, ಚೀಸು, ಮೊಸರು, ಹಣ್ಣುಗಳೇ ಗತಿ. ಒಂದು ಸಣ್ಣ ಒಲೆ ಮತ್ತು ಅಕ್ಕಿ–ಬೇಳೆ ಇದ್ದವರಿಗೆ ಚಿಂತೆಯಿಲ್ಲ. ನಲ್ಲಿಯ ನೀರು ಕುಡಿಯಲು ಯೋಗ್ಯ.

ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ ಮತ್ತು ಕ್ರೊಯೇಷಿಯಾಗಳಲ್ಲಿ ಯೂರೋ ಚಲಾವಣೆಯಲ್ಲಿದೆ. ಬಲ್ಗೇರಿಯಾ 2026ರ ಜನವರಿ 1ರಿಂದ ಯೂರೋ ಬಳಕೆಗೆ ಬಂದಿದೆ. ಹಂಗೇರಿಯದು ಫೋರಿಂಟ್, ಸೆರ್ಬಿಯಾದ್ದು ದಿನಾರ್, ರೊಮೇನಿಯಾದ್ದು ಲೇವು.

ಆರೋಗ್ಯ

ಮೊದಲ ವಾರದಲ್ಲಿ ಕಾಡುವ ತೊಂದರೆಗಳು ಮೂರು: ಮೊಣಕಾಲ ನೋವು, ಕುಳಿತೆಡೆಯ ಹುಣ್ಣು, ಅಂಗೈ ಮತ್ತು ಕಿರುಬೆರಳುಗಳ ಜೋಮು. ಮೊದಲನೆಯದಕ್ಕೆ ಹೆಚ್ಚಾಗಿ ತಗ್ಗಾದ ಸೀಟೂ ಭಾರವಾದ ಗೇರಿನಲ್ಲಿ ತುಳಿಯುವ ಅಭ್ಯಾಸವೂ ಕಾರಣ. ಮೂರನೆಯದು ಹ್ಯಾಂಡಲಿನ ಒತ್ತಡದಿಂದ ನರದ ಮೇಲೆ ಆಗುವ ಪರಿಣಾಮ; ಹಿಡಿತವನ್ನು ಆಗಾಗ ಬದಲಿಸಬೇಕು, ಜೋಮು ಇಳಿಯದಿದ್ದರೆ ಪ್ರವಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಡ್ಯಾನ್ಯೂಬ್ ಕಣಿವೆಯ ಹುಲ್ಲು ಮತ್ತು ಪೊದೆಗಳಲ್ಲಿ ಉಣ್ಣೆಗಳಿರುತ್ತವೆ. ಇವು ಮಿದುಳಿನ ಉರಿಯೂತವೊಂದನ್ನೂ ಲೈಮ್ ರೋಗವನ್ನೂ ಹರಡುತ್ತವೆ. ಮೊದಲನೆಯದಕ್ಕೆ ಲಸಿಕೆಯಿದೆ, ಆದರೆ ಅದರ ಮೂರು ವರಸೆಗಳ ನಡುವೆ ತಿಂಗಳುಗಳ ಅಂತರ ಬೇಕಾಗುವುದರಿಂದ ವೀಸಾ ಅರ್ಜಿಗೂ ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಲೈಮ್ ರೋಗಕ್ಕೆ ಔಷಧಿಯಿದೆ. ಸಂಜೆ ಮೈಯನ್ನು ಪರಿಶೀಲಿಸಿ ಉಣ್ಣೆಯನ್ನು ಬೇಗ ಕೀಳುವುದೇ ಅದರ ತಡೆ. ತುರ್ತು ಸಂದರ್ಭಕ್ಕೆ ಪಸ್ಸಾವ್–ಬುಡಾಪೆಸ್ಟ್ ಮಾರ್ಗದ ನಾಲ್ಕೂ ದೇಶಗಳಲ್ಲಿ ದೂರವಾಣಿ ಸಂಖ್ಯೆ 112.

ವಿಮಾನದಲ್ಲಿ ಸೈಕಲ್

ವಿಮಾನ ಸಂಸ್ಥೆಗಳು ಸೈಕಲ್ಲನ್ನು ಪೆಟ್ಟಿಗೆಯಲ್ಲಿಟ್ಟು ತಂದರೆ ಸಾಮಾನಾಗಿ ಸ್ವೀಕರಿಸುತ್ತವೆ; ತೂಕ, ಅಳತೆ ಮತ್ತು ಶುಲ್ಕಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುವುದರಿಂದ ಟಿಕೇಟು ಕೊಳ್ಳುವ ಮೊದಲೇ ವಿಚಾರಿಸಬೇಕು. ಪೆಡಲುಗಳನ್ನು ಬಿಚ್ಚಿ, ಹ್ಯಾಂಡಲನ್ನು ತಿರುಗಿಸಿ, ಮುಂಚಕ್ರವನ್ನು ತೆಗೆದು, ಟಯರಿನ ಗಾಳಿಯನ್ನು ಸ್ವಲ್ಪ ಇಳಿಸಿ ಇಡಲಾಗುತ್ತದೆ. ಎಡಗಡೆಯ ಪೆಡಲಿನ ಮರೆ ತಿರುಗುಮುರುಗಾಗಿರುತ್ತದೆ, ಅಂದರೆ ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಇದನ್ನರಿಯದೆ ಬಲಪ್ರಯೋಗ ಮಾಡಿದರೆ ಪೆಡಲು ಇನ್ನಷ್ಟು ಬಿಗಿಯಾಗುತ್ತದೆ. ಒಲೆಯ ಅನಿಲದ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ತಲುಪಿದ ಊರಿನಲ್ಲೇ ಕೊಳ್ಳಬೇಕು. ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಮಾತ್ರ ಇಡಬಹುದು.

ಮರಳುವಾಗ ಹೊಸ ಪೆಟ್ಟಿಗೆ ಬೇಕಾಗುತ್ತದೆ. ಹೊಸ ಸೈಕಲ್ಲುಗಳು ಬಂದ ರಟ್ಟಿನ ಪೆಟ್ಟಿಗೆಗಳನ್ನು ಸೈಕಲ್ ಅಂಗಡಿಗಳು ಹೆಚ್ಚಾಗಿ ಉಚಿತವಾಗಿಯೇ ಕೊಡುತ್ತವೆ, ಆದರೆ ಅವು ದಿನವೂ ಇರುವುದಿಲ್ಲ. ಕೊನೆಯ ಊರು ತಲುಪುವ ಮೂರು ನಾಲ್ಕು ದಿನ ಮೊದಲೇ ಅಂಗಡಿಗೆ ಬರೆದು ಒಂದನ್ನು ತೆಗೆದಿರಿಸಲು ಕೇಳಿಕೊಳ್ಳುವುದು ರೂಢಿ. ಬೆಲೆಬಾಳುವ ಸೈಕಲ್ಲಾದರೆ ಅದು ಭಾರತದಲ್ಲೇ ಕೊಂಡದ್ದೆಂಬ ರಸೀದಿಯನ್ನು, ಇಲ್ಲವೇ ಹೊರಡುವಾಗ ವಿಮಾನನಿಲ್ದಾಣದ ಸುಂಕ ಕಚೇರಿಯಿಂದ ಪಡೆದ ರಫ್ತು ಪ್ರಮಾಣಪತ್ರವನ್ನು ಜೊತೆಯಲ್ಲಿಟ್ಟುಕೊಂಡರೆ, ಮರಳಿದಾಗ ಅದನ್ನು ಹೊಸದಾಗಿ ತಂದ ವಸ್ತುವೆಂದು ಭಾವಿಸಿ ಸುಂಕ ವಿಧಿಸುವ ಪ್ರಶ್ನೆ ಬರುವುದಿಲ್ಲ.